ಕ್ಲಬ್ಬು, ಪಾಸಿಂಗು, ಸೈಟು

ರಜೆಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ, "ಮಾಮಾ, ಕ್ಲಬ್ ಪಾಸಿಂಗ್ ಕಲಿಯೂಣು ಬರ್ರಿ" ಅಂದ. ಒಳಗೆ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ವಿಜಯಪುರದಲ್ಲಿ ಕ್ಲಬ್ಬೆಂದರೆ ಇಸ್ಪೀಟು. ಪಾಸಿಂಗೆಂದರೆ ಗಾಡಿಯದು, ಕೆಎ 28 ಪಾಸಿಂಗ್ ಅಂದರೆ ನಮ್ಮ ಜಿಲ್ಲೆಯ ಗಾಡಿ. ಎರಡೂ ಕೂಡಿದರೆ, ಗಂಡ ಇಸ್ಪೀಟಿನಲ್ಲಿ ಗಾಡಿ ಸೋತ ಅಂತಲೇ ಹೆಂಡತಿಯ ಲೆಕ್ಕ.

ಹುಡುಗ ಚೀಲದಿಂದ ಆರು ಪ್ಲಾಸ್ಟಿಕ್ ಕ್ಲಬ್ಬು ಸುರಿದ ಮೇಲೆ ರೊಟ್ಟಿ ಮುಂದುವರಿಯಿತು. ಗರಡಿಮನೆಯಲ್ಲಿ ತಿರುವುವ ಮುದ್ಗರದ ಬಡಕಲು ಮರಿಗಳು. ನಂಟು ಸುಳ್ಳಲ್ಲ: 19ನೇ ಶತಮಾನದಲ್ಲಿ ಬ್ರಿಟಿಷರು ನಮ್ಮ ಕಸರತ್ತನ್ನು ಒಯ್ದು 'ಇಂಡಿಯನ್ ಕ್ಲಬ್' ಎಂದು ಹೆಸರಿಟ್ಟರು. ನಾವು ತಿರುವುತ್ತಿದ್ದುದನ್ನು ಪಶ್ಚಿಮದವರು ಎಸೆಯತೊಡಗಿದರು. ಇಬ್ಬರು ಎದುರುಬದುರು ನಿಂತು ಒಬ್ಬರಿಗೊಬ್ಬರು ಎಸೆದರೆ ಅದೇ ಪಾಸಿಂಗ್.

ಜೊತೆಗೊಂದು ಹಾಳೆ. ಅದರಲ್ಲಿ ನನಗೊಂದು ಸಾಲು, ಅವನಿಗೊಂದು: 3ಪಿ 3 3 3. "ಇದಕ್ಕ ಸೈಟ್‌ಸ್ವಾಪ್ ಅಂತಾರ್ರಿ" ಅಂದನೋ ಇಲ್ಲವೋ, ಪ್ಲಾಟಿನ ವ್ಯವಹಾರ ಮಾಡುವ ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ತಲೆ ಎತ್ತಿದರು. "ಸೈಟ್ ಅದಲುಬದಲೇನ್ರಿ? ನಿಮ್ಮ ತಿಕೋಟಾ ರೋಡಿಂದು ಕೊಡ್ರಿ, ಬಬಲೇಶ್ವರದಾಗ ಮೂವತ್ತು-ನಲವತ್ತರದ್ದೊಂದು ಐತಿ."

ಅವರನ್ನು ಸಾಗಹಾಕಲು ಕಾಲು ತಾಸು ಹಿಡಿಯಿತು.

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್, ಕ್ಯಾಲ್ಟೆಕ್ ಮತ್ತು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜನ ಒಬ್ಬರಿಗೊಬ್ಬರು ತಿಳಿಯದೆಯೇ ಹುಡುಕಿಕೊಂಡ ಲಿಪಿಯಂತೆ ಈ ಸೈಟ್‌ಸ್ವಾಪ್. ಅಂಕಿ ಎತ್ತರವನ್ನು ಹೇಳುವುದಿಲ್ಲ, ಹೊತ್ತನ್ನು ಹೇಳುತ್ತದೆ: ಈಗ ಎಸೆದದ್ದನ್ನು ಎಷ್ಟು ಎಣಿಕೆಯ ನಂತರ ಮತ್ತೆ ಎಸೆಯಬೇಕು ಅಂತ. ಬೆಸ ಅಂಕಿಯಾದರೆ ಇನ್ನೊಂದು ಕೈಗೆ, ಸಮವಾದರೆ ಅದೇ ಕೈಗೆ. 2 ಅಂದರೆ ಸುಮ್ಮನೆ ಹಿಡಿದುಕೋ. 0 ಅಂದರೆ ಕೈ ಖಾಲಿ. 'ಪಿ' ಕಂಡರೆ ಎದುರಿನವನಿಗೆ. ಅಂಕಿಗಳ ಸರಾಸರಿಯೇ ಒಬ್ಬೊಬ್ಬರ ಪಾಲಿನ ಕ್ಲಬ್ಬು.

"ಆದರ 423 ನಡೀತದ, 432 ನಡ್ಯಂಗಿಲ್ರಿ" ಅಂದ. ಸರಾಸರಿ ಎರಡಕ್ಕೂ ಮೂರೇ. ನಾನು ಕಣ್ಣು ಬಿಟ್ಟೆ. ಹನ್ನೆರಡು ಹೆಂಗಸರ ಭಿಶಿ (ಚೀಟಿ) ನಡೆಸುವ ನನ್ನ ಹೆಂಡತಿ ಒಳಗಿನಿಂದಲೇ ಬಿಡಿಸಿದಳು: "ಒಬ್ಬಾಕಿ ಈ ತಿಂಗಳ ನಿಂತು ನಾಲ್ಕ ತಿಂಗಳಿಗೆ ಬರ್ತೀನಿ ಅಂತಾಳ. ಮುಂದಿನ ತಿಂಗಳ ಇನ್ನೊಬ್ಬಾಕಿ ಮೂರಕ್ಕ ಅಂತಾಳ. ಅದರ ಮುಂದಿನಾಕಿ ಎರಡಕ್ಕ. ಮೂರೂ ಮಂದಿ ಒಂದ ದಿನ ಬಾಗಿಲಿಗೆ ಬಂದ್ರ ರೊಕ್ಕ ಎಲ್ಲಿಂದ ತರೂದು?" ಕೇಂಬ್ರಿಜ್ ನಮ್ಮ ಅಡುಗೆಮನೆಯಲ್ಲಿತ್ತು.

ಲಿಪಿ ತಿಳಿಯಿತು. ಕೈಗೆ ತಿಳಿಯಬೇಕಲ್ಲ! ಮೊದಲ '3ಪಿ' ಹಣೆಗೆ ಬಂತು. ಎರಡನೆಯದು ಮೊದಲನೆಯದರ ಬಾವು ಹುಡುಕಿಕೊಂಡು ಬಂತು. ಗೋಳಗುಮ್ಮಟದ ಅಂಗಳದಲ್ಲಿ ಬಯಲಿದೆ, ಅಲ್ಲಿಗೆ ಹೋಗೋಣ ಅಂದ. ಬೇಡವೆಂದೆ. ತಪ್ಪಿ ಗುಮ್ಮಟದೊಳಗೆ ನಡೆದುಬಿಟ್ಟರೆ, ಒಂದು ಸಲ ಬೀಳಿಸಿದ್ದು ಏಳೆಂಟು ಸಲ ಕೇಳಿಸೀತು.

ಬದಲಿಗೆ ತಿಕೋಟಾ ರಸ್ತೆಯ ಕಡೆ ಹೊರಟೆವು. ಅಲ್ಲೊಂದು ಕಡೆ ಟ್ರ್ಯಾಕ್ಟರಿನಿಂದ ಇಟ್ಟಂಗಿ ಇಳಿಸುತ್ತಿದ್ದರು. ಟ್ರೇಲರಿನ ಮೇಲಿದ್ದವನು ಎರಡೆರಡು ಇಟ್ಟಂಗಿ ಕೂಡಿಸಿ ಎಸೆಯುತ್ತಾನೆ, ಕೆಳಗಿನವನು ಹಿಡಿಯುತ್ತಾನೆ, ಬಗ್ಗಿ ಒಟ್ಟುತ್ತಾನೆ, ಮೇಲೇಳುವಷ್ಟರಲ್ಲಿ ಮುಂದಿನ ಜೋಡಿ ಕೈಯಲ್ಲಿ. ಬೀಡಿ ಬಾಯಲ್ಲೇ. ಮಾತು ಯಾರದೋ ಲಗ್ನದ್ದು. ಅಳಿಯ ಹಾಳೆ ತೆಗೆದು ಗೀಚತೊಡಗಿದ, ನಾಲ್ಕು ಸಲ ಹೊಡೆದುಹಾಕಿದ. ಕೊನೆಗೆ ಕೇಳಿಯೇ ಬಿಟ್ಟ, "ಕಾಕಾ, ಎಸಿವಾಗ ಹೆಂಗ ಎಣಸ್ತೀರಿ?"

"ಎಸಿವಾಗ ಎಣಿಸಿದ್ರ ಬೀಳ್ತಾವ ತಮ್ಮಾ. ಎಣಸೂದು ಸಂಜೀಕ, ಪಗಾರ ಕೊಟ್ಟಾಗ."

ಮನೆಗೆ ಬಂದ ಮೇಲೆ ಅವನೊಬ್ಬನೇ ಅಂಗಳದಲ್ಲಿ ಮೂರು ಕ್ಲಬ್ಬು ಆಡಿಸುತ್ತಿದ್ದ. ನಾನು ಹಣೆಗೆ ಅರಿಶಿನ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಹಾಳೆ ಪಕ್ಕದಲ್ಲೇ ಬಿದ್ದಿತ್ತು. ಅವನ ಸಾಲನ್ನು 3 3 3 3 ಅಂತ ತಿದ್ದಿದ್ದ. ಕೆಳಗೆ ನನ್ನ ಸಾಲು: 0 0 0 0.