ಮಿಲಿಮೀಟರಿಗೊಂದು ರೂಪಾಯಿ

ಬೆಂಗಳೂರಿನಲ್ಲಿ ದೊಡ್ಡ ಕಂಪನಿಯ ದೊಡ್ಡ ಕುರ್ಚಿಯಿಂದ ಇಳಿದವರು ಸಾಮಾನ್ಯವಾಗಿ ತಮ್ಮ ಲೇಔಟಿನ ಸಂಘಕ್ಕೆ ಕಾರ್ಯದರ್ಶಿಯಾಗುತ್ತಾರೆ. ಆ ಚುನಾವಣೆಯಲ್ಲಿ ಸೋತವರು ಗಾಲ್ಫ್ ಆಡುತ್ತಾರೆ. ನಮ್ಮ ರಾಯರು ಎರಡನೆಯ ಪಂಗಡ. ಪೂರ್ತಿ ಹೆಸರು ಹೇಳುವುದಿಲ್ಲ; ಹೇಳದಿದ್ದರೂ ಅಕ್ಕಪಕ್ಕದ ರಸ್ತೆಯ ಇಬ್ಬರು ಮೂವರು ತಮ್ಮನ್ನೇ ಅಂದದ್ದೆಂದು ಮುನಿಸಿಕೊಳ್ಳುವುದು ಖಂಡಿತ.

ರಾಯರು ಗಾಲ್ಫ್ ಆಡುವುದು ಕಡಿಮೆ, ಗಾಲ್ಫಿಗೆ ಸಿದ್ಧರಾಗುವುದು ಹೆಚ್ಚು. ನಿಯಮ ಒಪ್ಪುವ ಗರಿಷ್ಠ 14 ಕೋಲುಗಳೂ ಚೀಲದಲ್ಲಿವೆ. ಅವುಗಳಲ್ಲಿ ಅರ್ಧಕ್ಕರ್ಧ ಇನ್ನೂ ಹುಲ್ಲಿನ ಮುಖ ನೋಡಿಲ್ಲ. ಚೆಂಡು ಒರೆಸಲು ಒಂದು ಟವಲು, ಕೈ ಒರೆಸಲು ಇನ್ನೊಂದು. ಗುರಿ ಎಷ್ಟು ದೂರವಿದೆಯೆಂದು ಅಳೆಯುವ ದೂರಮಾಪಕವೂ ಉಂಟು. ಪಕ್ಕದ ಪೊದೆಗೆ ನುಗ್ಗಿದ ಚೆಂಡಿಗೆ ಅದರ ಅಗತ್ಯ ಬೀಳುವುದಿಲ್ಲ, ಅಷ್ಟೆ.

ಮಳೆ ಪ್ಯಾಂಟಿನ ಗೀಳು ಹತ್ತಿದ್ದು ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿರುವ ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಹೋಗಿದ್ದರು. ಹೆಂಡತಿ ಬಾಣಂತನ ಮಾಡಿದರು. ರಾಯರು ಸೇಂಟ್ ಆಂಡ್ರೂಸ್ ನೋಡಿದರು. ಅಲ್ಲಿನ ಓಲ್ಡ್ ಕೋರ್ಸಿನಲ್ಲಿ ಭಾನುವಾರ ಆಟಕ್ಕೆ ರಜೆ, ಊರಿನವರು ನಾಯಿ ಅಡ್ಡಾಡಿಸುತ್ತಾರೆ. ಇವರು ಹೋದದ್ದೂ ಭಾನುವಾರವೇ. ಸ್ವಿಲ್ಕನ್ ಹಳ್ಳದ ಪುಟ್ಟ ಕಲ್ಲುಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಅಡ್ಡಿಯಾಗಲಿಲ್ಲ. ಪಕ್ಕದ ಮತ್ತೊಂದು ಮೈದಾನದಲ್ಲಿ ಮಾತ್ರ ಆಟ ನಡೆದಿತ್ತು. ಸಮುದ್ರದ ಕಡೆಯಿಂದ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಎಪ್ಪತ್ತು ದಾಟಿದ ನಾಲ್ವರು ಮುದುಕರು ಕಪ್ಪು ಪ್ಯಾಂಟು ತೊಟ್ಟು, ಮಳೆಗೂ ತಮಗೂ ಮಾತುಕತೆಯೇ ಇಲ್ಲವೆಂಬಂತೆ ಆಡುತ್ತಿದ್ದರು. ರಾಯರ ಮನಸ್ಸು ಆ ಪ್ಯಾಂಟಿನಲ್ಲೇ ಸಿಕ್ಕಿಕೊಂಡಿತು.

ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿ ಅದು ಬೇಕೇ ಬೇಕು. ಕೊರೆಯುವ ಚಳಿಯಲ್ಲಿ ನಾಲ್ಕು ಗಂಟೆ ನಡೆಯುವವನ ತೊಡೆಗೆ ಒದ್ದೆ ಬಟ್ಟೆ ಅಂಟಿತೋ, ಆಟ ಮುಗಿದಂತೆಯೇ. ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಬಳಿದು 1823ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಮ್ಯಾಕಿಂಟಾಷ್ ಕೂಡ ಗ್ಲಾಸ್ಗೋದವನೇ. ರೈನ್‌ಕೋಟು ಹುಟ್ಟಬೇಕಾದ ಊರಿನಲ್ಲೇ ಹುಟ್ಟಿದೆ. ನಮ್ಮ ರಾಯರು ಇರುವುದು ಜಯನಗರದಲ್ಲಿ.

ಬಂದವರೇ ಅಧ್ಯಯನಕ್ಕೆ ಕೂತರು. ಮೂವತ್ತು ವರ್ಷ ಮ್ಯಾನೇಜರಾಗಿದ್ದವರ ಕೈಗೆ ಎಕ್ಸೆಲ್ ಹಾಳೆ ಸಿಕ್ಕರೆ ಕೇಳಬೇಕೆ? ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ: ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸುತ್ತಾ ಹೋದರೆ ಎಷ್ಟು ಎತ್ತರಕ್ಕೆ ಅದು ಜಿನುಗಲು ತೊಡಗುತ್ತದೆ ಎಂಬ ಲೆಕ್ಕ. 10,000 ಇದ್ದರೆ ಒಳ್ಳೆಯ ಮಳೆಗೂ ಸಾಕು. ರಾಯರು 20,000ಕ್ಕೆ ಕಡಿಮೆ ಬೇಡವೆಂದರು. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 1,000 ಮಿಲಿಮೀಟರು. ಅಂದರೆ ಇಪ್ಪತ್ತು ವರ್ಷದ ಮಳೆ ಒಟ್ಟಾಗಿ ಬಂದು ರಾಯರ ತೊಡೆಯ ಮೇಲೆ ಕೂತರೂ ಒಳಚಡ್ಡಿಗೆ ಸುದ್ದಿ ಮುಟ್ಟುವುದಿಲ್ಲ. ಬೆಲೆಯೂ ಇಪ್ಪತ್ತು ಸಾವಿರ. “ಮಿಲಿಮೀಟರಿಗೆ ಒಂದೇ ರೂಪಾಯಿ ಬೀಳತ್ತೆ ಕಣ್ರೀ!” ಎಂದು ಪಾರ್ಕಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಹೆಂಡತಿಯ ಮುಂದೆ ಈ ಲೆಕ್ಕ ನಡೆಯಲಿಲ್ಲ. ಆಗ ವಿಜ್ಞಾನಕ್ಕೆ ಕೈಹಾಕಿದರು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ ಟೆಫ್ಲಾನಿನ ಕಾದ ಕಡ್ಡಿಗಳನ್ನು ಮೆಲ್ಲಗೆ ಎಳೆದೆಳೆದು ಬೇಸತ್ತು, ಒಮ್ಮೆ ರಪ್ಪನೆ ಜಗ್ಗಿದನಂತೆ. ತುಂಡಾಗಬೇಕಾದದ್ದು ಮಾರುದ್ದ ಹಿಗ್ಗಿತು. ಹಾಗೆ ಹಿಗ್ಗಿಸಿದ ಪೊರೆಯ ತುಂಬ ಕಣ್ಣಿಗೆ ಕಾಣದ ತೂತುಗಳು. ನೀರಿನ ಹನಿ ಅದರಲ್ಲಿ ನುಗ್ಗಲಾರದು, ಬೆವರಿನ ಆವಿ ಮಾತ್ರ ನುಸುಳಿ ಹೊರಹೋಗುತ್ತದೆ. “ನಿನ್ನ ದೋಸೆ ತವಾಕ್ಕೆ ಬಳಿದಿರೋದೂ ಇದೇ ಟೆಫ್ಲಾನು ಕಣೇ,” ಎಂದು ರಾಯರು ಮುಗಿಸಿದರು.

“ಅದೆಲ್ಲ ಕಿತ್ಕೊಂಡು ಹೋಗಿ ದೋಸೆ ಏಳ್ತಾನೇ ಇಲ್ಲ ರೀ. ಮೊದಲು ಅದನ್ನ ತನ್ನಿ.”

ಅಂಗಡಿಯ ಪ್ರಕರಣಕ್ಕೆ ನಾನು ಸಾಕ್ಷಿ. ಪ್ಯಾಂಟು ಏರಿಸಿದ ರಾಯರು ಮೊದಲು ಕುಕ್ಕರಗಾಲಿನಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಷೂ ಬಿಚ್ಚದೆ ಹಾಕಿಕೊಳ್ಳಲು ಪಾದದಿಂದ ಮಂಡಿಯವರೆಗೆ ಜಿಪ್ಪು ಬರುತ್ತದೋ ನೋಡಿದರು. ಮೇಲಿನ ಜೇಬಿನ ಮೂಲಕ ಒಳಪ್ಯಾಂಟಿನ ಜೇಬಿಗೆ ಕೈ ಹೋಗುತ್ತದೋ ಎಂದು ತಡಕಾಡಿದರು. ಚೆಂಡು ಇರುವುದು ಅಲ್ಲಿ ತಾನೆ. ಒಳಮಗ್ಗುಲು ತಿರುವಿ ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿದ್ದಾರೋ ಇಲ್ಲವೋ ಎಂದು ಬೆರಳಾಡಿಸಿದರು. ಇದು ಸರಿಯಾದ ಪರೀಕ್ಷೆಯೇ: ಬಟ್ಟೆ ಎಂಥದ್ದೇ ಇರಲಿ, ಸೂಜಿ ಹೋದ ತೂತಿನಲ್ಲಿ ನೀರೂ ಹೋಗುತ್ತದೆ. ಕೊನೆಗೆ ಇಲ್ಲದ ಕೋಲೊಂದನ್ನು ಎತ್ತಿ ಬೀಸಿದರು. ಟೋಪಿಗಳ ಸ್ಟ್ಯಾಂಡು ಬಿತ್ತು.

“ಸದ್ದು ಕೇಳಿಸ್ತಾ? ಪಟ್ ಮಾಡೋವಾಗ ಹೀಗೆ ಚರಚರ ಅಂದ್ರೆ ಜೊತೆಯವರ ಏಕಾಗ್ರತೆ ಕೆಡತ್ತೆ.”

ರಾಯರ ಜೊತೆ ಆಡುವವರ ಏಕಾಗ್ರತೆ ಕೆಡಲು ಬೇರೆ ಕಾರಣಗಳಿವೆ. ಆ ಮಾತು ಬಿಡಿ. ಅಂಗಡಿಯ ಹುಡುಗ ಟೋಪಿ ಆರಿಸುತ್ತಾ, “ಬೈಕಿಗಾದ್ರೆ ಎಂಟುನೂರರದ್ದೇ ಇದೆ ಸಾರ್, ಒಂದು ಹನಿ ಒಳಗೆ ಬರಲ್ಲ,” ಎಂದ.

“ಅದು ಉಸಿರಾಡಲ್ಲಪ್ಪಾ,” ಎಂದರು ರಾಯರು. ಹುಡುಗ ರಾಯರನ್ನೊಮ್ಮೆ, ಪ್ಯಾಂಟನ್ನೊಮ್ಮೆ ನೋಡಿ ಸುಮ್ಮನಾದ. ಅಳತೆ ಮನದಟ್ಟಾದ ಮೇಲೆ ರಾಯರು ಅಲ್ಲಿ ಕೊಳ್ಳದೆ ಮಗಳಿಂದ ತರಿಸಿದರು.

ಬಂದ ಮೇಲೆ ಅದರ ಆರೈಕೆ ಶುರುವಾಯಿತು. ಹೊರಮೈಗೆ ನೀರು ಮುತ್ತಾಗಿ ಉರುಳುವಂಥ ಲೇಪವಿರುತ್ತದೆ. ಅದು ಸವೆದರೆ ಮೇಲಿನ ಬಟ್ಟೆ ನೀರು ಕುಡಿದು ಕೂರುತ್ತದೆ, ಒಳಗಿನ ಆವಿಗೆ ದಾರಿ ಸಿಗುವುದಿಲ್ಲ. ಬಟ್ಟೆ ಘಮಘಮಿಸಲು ಹಾಕುವ ದ್ರಾವಣ ಅದಕ್ಕೆ ಆಗದು. ಹದವಾದ ಬಿಸಿ ತಾಗಿದರೆ ಮಾತ್ರ ಲೇಪಕ್ಕೆ ಮತ್ತೆ ಜೀವ. ಹಾಗೆಂದು ಮೂಲೆಯ ಇಸ್ತ್ರಿ ಗಾಡಿಯವನ ಇದ್ದಿಲ ಪೆಟ್ಟಿಗೆಗೆ ಒಡ್ಡುವುದುಂಟೆ? ಹುಟ್ಟಿದಾರಭ್ಯ ಕರವಸ್ತ್ರವನ್ನೂ ಒಗೆದುಕೊಳ್ಳದ ರಾಯರು ತಾವೇ ಒಗೆದು, ತಾವೇ ಇಸ್ತ್ರಿ ಮಾಡಿದರು. ಇನ್ನೂ ಮಳೆಯ ಹನಿಯೊಂದೂ ಬೀಳದ ಪ್ಯಾಂಟನ್ನು.

ಏಕೆ ಬೀಳಲಿಲ್ಲವೆಂದರೆ, ಬೆಂಗಳೂರಿನ ಮಳೆಯ ವೇಳಾಪಟ್ಟಿಯೇ ಗಾಲ್ಫಿಗೆ ಹೊಂದುವುದಿಲ್ಲ. ಇಲ್ಲಿ 1876ರಿಂದ ಗಾಲ್ಫ್ ಕ್ಲಬ್ಬಿದೆ. ಆದರೂ ಹಳಬರು ಯಾರೂ ಇಂಥ ಪ್ಯಾಂಟಿಗೆ ಹಾತೊರೆದವರಲ್ಲ. ಆಟ ಬೆಳಗ್ಗೆ, ಜೋರು ಮಳೆ ಸಾಮಾನ್ಯವಾಗಿ ಸಂಜೆ. ಏಪ್ರಿಲ್ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಅದು ಗುಡುಗು ಮಿಂಚಿನ ಸಮೇತ ಬರುತ್ತದೆ. ಬರಿಯ ಮಳೆಗೆ ಆಟ ನಿಲ್ಲಿಸುವಂತಿಲ್ಲ, ಮಿಂಚಿನ ಅಪಾಯ ಕಂಡರೆ ನಿಲ್ಲಿಸಬಹುದು ಎಂದು ನಿಯಮವೇ ಹೇಳುತ್ತದೆ. ಪ್ಯಾಂಟಿಗೆ ತಕ್ಕ ಮಳೆ ಬಂದಾಗ ಆಟ ಇರುವುದಿಲ್ಲ. ಆಟವಿದ್ದಾಗ ಬರುವ ಮಳೆಗೆ ಪ್ಯಾಂಟು ಬೇಕಿಲ್ಲ.

ಇಲ್ಲಿ ಒಂದು ಮಾತು. ರಾಯರು ಹುಟ್ಟಿದ್ದು ಆಗುಂಬೆಯ ಮಗ್ಗುಲಲ್ಲಿ, ವರ್ಷಕ್ಕೆ 7,000 ಮಿಲಿಮೀಟರು ಸುರಿಯುವ ಸೀಮೆಯಲ್ಲಿ. ಅವರ ತಂದೆ ಕಂಬಳಿಕೊಪ್ಪೆ ಹೊದ್ದು, ಪಂಚೆ ಮೇಲೆತ್ತಿ ಕಟ್ಟಿ, ಮಂಡಿಯಿಂದ ಕೆಳಗಿನದನ್ನು ಮಳೆಯ ಪಾಲಿಗೇ ಬಿಟ್ಟು ಗದ್ದೆಗೆ ಹೋಗಿಬರುತ್ತಿದ್ದರು. ಇದನ್ನು ನೆನಪಿಸಿದರೆ ರಾಯರ ಬಳಿ ಉತ್ತರವಿದೆ: “ಅಪ್ಪ ಗಾಲ್ಫ್ ಆಡ್ತಿರಲಿಲ್ಲವಲ್ಲ.”

ಅಂತೂ ಜುಲೈನ ಒಂದು ಬೆಳಗ್ಗೆ ಜಿಟಿಜಿಟಿ ಹಿಡಿಯಿತು. ರಾಯರು ಜಿಪ್ಪೆಳೆದು ಮೈದಾನಕ್ಕಿಳಿದರು. ಹುಲ್ಲಿನ ಮೇಲೆ ನಿಂತ ನೀರಿನಿಂದ ದಂಡವಿಲ್ಲದೆ ಚೆಂಡು ಎತ್ತಬಹುದೆಂಬ 16.1ನೇ ನಿಯಮವನ್ನು ಕೇಳದವರಿಗೂ ಹೇಳಿದರು. ಮೂರನೆಯ ಹೋಲಿನ ಹೊತ್ತಿಗೆ ಮುಖ ಕೆಂಪಾಯಿತು. ಆವಿ ಸರಾಗವಾಗಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಆ ದಿನ ಬೆಂಗಳೂರಿನ ಗಾಳಿಯನ್ನೇ ಹಿಂಡಿದರೆ ಒಂದು ಚೊಂಬು ನೀರು ಬರುತ್ತಿತ್ತು. ಒಂಬತ್ತನೆಯ ಹೋಲಿನಲ್ಲಿ ರಾಯರು ಪ್ಯಾಂಟು ಕಳಚಿದಾಗ ಹೊರಮೈ ಒಣಗಿತ್ತು. ಒಳಗೆ ಮಂಡಿಯವರೆಗೂ ತೊಪ್ಪೆ.

ಚೀಲ ಹೊತ್ತು ಜೊತೆಗೇ ನಡೆದಿದ್ದ ಕ್ಯಾಡಿ ಹಳೆಯ ಪಾಲಿಯೆಸ್ಟರ್ ಪ್ಯಾಂಟಿನಲ್ಲಿ ಆರಾಮಾಗಿ ನಿಂತಿದ್ದ. “ನೀನು ನೆನೀಲಿಲ್ವೇನೋ?” ಎಂದು ಕೇಳಿದರು ರಾಯರು.

“ನೆಂದಿದ್ದೆ ಸಾರ್. ಒಣಗೋಯ್ತು.”

ಈಗ ಮಳೆ ಗ್ಲೌಸಿನ ಅಧ್ಯಯನ ನಡೆದಿದೆ. ಚರ್ಮದ ಗ್ಲೌಸು ನೆನೆದರೆ ಜಾರುತ್ತದೆ, ಇವು ಒದ್ದೆಯಾದಷ್ಟೂ ಕೋಲನ್ನು ಬಿಗಿಯಾಗಿ ಹಿಡಿಯುತ್ತವೆ. ಮೊನ್ನೆ ಅವರ ಮನೆಗೆ ಹೋದಾಗ ರಾಯರು ಎರಡೂ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿತ್ತಲಲ್ಲಿ ಕಡ್ಡಿ ಪೊರಕೆ ಹಿಡಿದು ಬೀಸುತ್ತಿದ್ದರು.

“ರೀ, ಬೀಸೋದು ಹೇಗೂ ಬೀಸ್ತೀರಿ,” ಎಂದರು ಅವರ ಹೆಂಡತಿ ಅಡುಗೆಮನೆಯಿಂದ, “ಸ್ವಲ್ಪ ನೆಲಕ್ಕೆ ತಾಗಿಸಿ ಬೀಸಿ.”