ಗ್ಯಾಸ್ ಖಾಲಿಯಾಗೈತೆ ಸಾರ್

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತೋ ಇಲ್ಲವೋ, ಬೆಂಗಳೂರು–ಹೊನ್ನಾವರ ಹೆದ್ದಾರಿಯ ಎರಡೂ ಬದಿಯಲ್ಲಿ, ಕಡೂರಿನಿಂದ ತರೀಕೆರೆಯವರೆಗೆ, ಕಾರುಗಳು ಬಾನೆಟ್ ತೆರೆದು ನಿಲ್ಲುತ್ತವೆ. ಅಜ್ಜಂಪುರದವರೂ ಬಂದು ಈ ಸಾಲಿಗೇ ಸೇರುತ್ತಾರೆ. ಎಸಿಯಲ್ಲಿ ತಂಪು ಬರುತ್ತಿಲ್ಲ. ಕಾರು ಯಾವ ಕಂಪನಿಯದಾದರೂ, ಎಷ್ಟು ಹಳೆಯದಾದರೂ ತೀರ್ಪು ಒಂದೇ: “ಗ್ಯಾಸ್ ಖಾಲಿಯಾಗೈತೆ ಸಾರ್.” ಇದನ್ನು ಹೇಳಲು ಮೇಸ್ತ್ರಿ ಬಾನೆಟ್ಟಿನೊಳಗೆ ಇಣುಕಬೇಕಾಗಿಲ್ಲ. ನುರಿತವರು ಗಿರಾಕಿ ಕಾರಿನಿಂದಿಳಿದು ಕತ್ತು ಒರೆಸಿಕೊಳ್ಳುವ ರೀತಿ ನೋಡಿಯೇ ಹೇಳಿಬಿಡುತ್ತಾರೆ.

ಎಸಿ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಬಿಸಿ ಕಳೆದುಕೊಂಡು ದ್ರವವಾಗುತ್ತದೆ, ವಾಲ್ವ್ ದಾಟಿ ಡ್ಯಾಷ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್‌ಗೆ ಹೋಗಿ ಆವಿಯಾಗುತ್ತಾ ನಮ್ಮ ಸೆಕೆಯನ್ನು ಹೀರುತ್ತದೆ, ಮತ್ತೆ ಕಂಪ್ರೆಸರಿಗೇ ವಾಪಸ್. ರಬ್ಬರ್ ಪೈಪು, ಸೀಲುಗಳಲ್ಲಿ ವರ್ಷಗಟ್ಟಲೆ ಚೂರುಪಾರು ಜಿನುಗುವುದುಂಟು. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ಎಲ್ಲೋ ತೂತು ಇದೆ ಎಂದೇ ಅರ್ಥ. ಕೆರೆಗಳ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅಯ್ಯನಕೆರೆಯ ತೂಬು ಸೋರುತ್ತಿದ್ದಾಗ ಇಂಜಿನಿಯರೊಬ್ಬ ಬಂದು “ನೀರು ಖಾಲಿಯಾಗೈತೆ, ಟ್ಯಾಂಕರ್ ತರಿಸಿ” ಎಂದರೆ ಸಖರಾಯಪಟ್ಟಣದವರು ಅವನಿಗೆ ಕಾಫಿಯನ್ನೂ ಕೊಡಲಾರರು. ಅದೇ ಸಖರಾಯಪಟ್ಟಣದವರು ಕಾರಿನ ವಿಷಯದಲ್ಲಿ ಮಾತ್ರ ಟ್ಯಾಂಕರ್ ತರಿಸಿ, ದುಡ್ಡು ಎಣಿಸಿ, ಥ್ಯಾಂಕ್ಸ್ ಹೇಳಿ ಬರುತ್ತಾರೆ.

ತಪ್ಪೆಲ್ಲ ಮೇಸ್ತ್ರಿಯದು ಎಂದು ಬರೆದುಬಿಟ್ಟರೆ ಈ ಅಂಕಣ ಇಲ್ಲಿಗೇ ಮುಗಿಯುತ್ತಿತ್ತು, ಓದುಗರೂ ಸಂತೋಷಪಡುತ್ತಿದ್ದರು. ಆದರೆ ಗ್ಯಾರೇಜಿನ ಬಾಗಿಲಲ್ಲಿ ನಡೆಯುವ ಮಾತುಕತೆ ಇದು.

“ಲೀಕ್ ಎಲ್ಲೈತೆ ಅಂತ ನೋಡ್ಬೇಕು ಗೌಡ್ರೇ. ಮಧ್ಯಾಹ್ನ ಆಗ್ತದೆ.”

“ಅದಕ್ಕೆಷ್ಟು?”

“ಕೂಲಿ ಅಂತ ಏನಾದ್ರೂ ಕೊಡಿ.”

“ಬರೇ ನೋಡೋದಕ್ಕಾ?”

ಗೌಡರಿಗೆ ಮದುವೆಗೆ ಹೋಗಬೇಕು. ರೇಷ್ಮೆ ಶಲ್ಯ ಆಗಲೇ ಹೆಗಲ ಮೇಲಿದೆ, ಹಿಂದಿನ ಸೀಟಿನಲ್ಲಿ ಮಲ್ಲಿಗೆ ಬಾಡುತ್ತಿದೆ. ಗ್ಯಾಸಿಗಾದರೆ ದುಡ್ಡು ಕೊಡುತ್ತಾರೆ. ಅದು ಸಿಲಿಂಡರಿನಲ್ಲಿ ಬರುತ್ತದೆ, ಹಾಕುವಾಗ ಬುಸ್ ಎಂದು ಸದ್ದು ಮಾಡುತ್ತದೆ. ಹುಡುಕುವ ಕೆಲಸಕ್ಕೆ ಸದ್ದೂ ಇಲ್ಲ, ಸಿಲಿಂಡರೂ ಇಲ್ಲ. ಹೀಗಾಗಿ ಮೇಸ್ತ್ರಿಯೂ ಗಿರಾಕಿ ಯಾವುದಕ್ಕೆ ದುಡ್ಡು ಬಿಚ್ಚುತ್ತಾನೋ ಅದನ್ನೇ ಮಾರಲು ಕಲಿತ. ಹತ್ತು ನಿಮಿಷದಲ್ಲಿ ಎಸಿ ತಣ್ಣಗಾಯಿತು. ಗೌಡರು ಹೋದರು. ಗ್ಯಾಸೂ ಅವರ ಜೊತೆ ಹೊರಟು, ದಾರಿಯುದ್ದಕ್ಕೂ ಇಷ್ಟಿಷ್ಟೇ ಇಳಿದುಕೊಂಡಿತು.

ಸರಿಯಾದ ಕೆಲಸದಲ್ಲಿ ಗ್ಯಾಸಿನ ಸರದಿ ಕಟ್ಟಕಡೆಗೆ. ಮೊದಲು ಉಳಿದಿರುವ ಹಳೆಯ ಗ್ಯಾಸನ್ನು ರಿಕವರಿ ಮೆಷೀನಿಗೆ ಎಳೆದುಕೊಳ್ಳಬೇಕು. ಆಮೇಲೆ ಒಣ ನೈಟ್ರೋಜನ್ ತುಂಬಿ, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಸೋರುವ ಪೈಪನ್ನೋ ಓ-ರಿಂಗನ್ನೋ ಬದಲಿಸಿದ ಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿ ಅರ್ಧ ಗಂಟೆಯಾದರೂ ಓಡಿಸಬೇಕು. ಒಳಗೆ ಉಳಿದ ತೇವ ಗ್ಯಾಸು, ಎಣ್ಣೆಗಳ ಜೊತೆ ಸೇರಿ ಆಮ್ಲವಾಗುತ್ತದೆ, ಕಂಪ್ರೆಸರನ್ನು ಒಳಗಿಂದಲೇ ತಿನ್ನುತ್ತದೆ. ಕೊನೆಗೆ ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿ ಎಷ್ಟು ಗ್ರಾಂ ಎಂದಿದೆಯೋ ಅಷ್ಟೇ ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಸಂತೆಯಲ್ಲಿ ಅಜ್ಜಂಪುರದ ಈರುಳ್ಳಿ ಕೊಳ್ಳುವಾಗ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಜಗಳಕ್ಕೆ ನಿಲ್ಲುವ ನಾವು ಎಸಿ ಗ್ಯಾಸನ್ನು ಮಾತ್ರ ಪೈಪು ಮುಟ್ಟಿ ನೋಡಿ “ಸಾಕು ಬಿಡಿ” ಎನ್ನುವ ಅಳತೆಯಲ್ಲಿ ಕೊಳ್ಳುತ್ತೇವೆ. ಹೆಚ್ಚು ಹಾಕಿಸಿದರೆ ಹೆಚ್ಚು ತಂಪು ಎಂಬ ನಂಬಿಕೆ ಬೇರೆ. ಹೆಚ್ಚಾದರೆ ಒತ್ತಡ ಏರಿ ತಂಪು ಇಳಿಯುತ್ತದೆ.

ಇನ್ನು ಸುರಕ್ಷತೆ. ಬಹುಪಾಲು ಕಾರುಗಳಲ್ಲಿರುವ ಆರ್-134ಎ ಗ್ಯಾಸು ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ. ಪೈಪು ಕಳಚಿ ಚಿಮ್ಮಿದರೆ ಚರ್ಮ ಮರಗಟ್ಟುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅದಕ್ಕೇ ಗಾಗಲ್ಸ್ ಇರುವುದು. ಗ್ಯಾರೇಜಿನಲ್ಲಿ ಗಾಗಲ್ಸ್ ಇಲ್ಲವೆನ್ನಬೇಡಿ, ಇದೆ. ಗೋಡೆಯ ಮೊಳೆಗೆ, ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮದ ಸಮೇತ ನೇತಾಡುತ್ತಿದೆ. ಈ ಗ್ಯಾಸು ಬೆಂಕಿಗೆ ಸಿಕ್ಕರೆ ಒಡೆದು ವಿಷವಾಗುತ್ತದೆ; ಪಕ್ಕದಲ್ಲೇ ವೆಲ್ಡಿಂಗ್ ನಡೆದಿದೆ, ಬೀಡಿಯೂ ಹೊಗೆಯಾಡುತ್ತಿದೆ. ಎಂಜಿನ್ ಓಡುವಾಗ ಹೆಚ್ಚು ಒತ್ತಡ ತೋರಿಸುವ ಕೆಂಪು ಮೀಟರಿನ ಕಡೆಯ ವಾಲ್ವ್ ತೆರೆದರೆ ಒತ್ತಡ ಹಿಂದಕ್ಕೆ ನುಗ್ಗಿ ಕೈಯಲ್ಲಿರುವ ಡಬ್ಬಿಯೇ ಸಿಡಿಯಬಹುದು. ಫ್ಯಾನಿಗೆ ಗೌಡರ ಶಲ್ಯ, ಗ್ಯಾರೇಜಿನ ಹುಡುಗನ ಬೆರಳು ಎಂಬ ಭೇದವಿಲ್ಲ. ಆ ಹುಡುಗ ಹವಾಯಿ ಚಪ್ಪಲಿಯಲ್ಲೇ ಪೂರ್ತಿ ಎಸಿ ಸರ್ವಿಸ್ ಮುಗಿಸುತ್ತಾನೆ. ಅವನ ಧೈರ್ಯವನ್ನು ನಾವೂ ಟೀ ಕುಡಿಯುತ್ತಾ ಮೆಚ್ಚುತ್ತೇವೆ.

ಅಗ್ಗದ ಗ್ಯಾಸಿನ ಮೇಲೆ ನಮಗಿರುವ ಭಕ್ತಿಯ ಬಗ್ಗೆಯೂ ಒಂದು ಮಾತು. 2011ರಲ್ಲಿ ವಿಯೆಟ್ನಾಮಿನಲ್ಲಿ ಸರ್ವಿಸ್ ಆದ ಹಡಗಿನ ಶೀತಲ ಕಂಟೇನರುಗಳಿಗೆ ನಕಲಿ ಗ್ಯಾಸು ಸೇರಿತ್ತು. ಅದರೊಳಗಿದ್ದ ಮೀಥೈಲ್ ಕ್ಲೋರೈಡ್ ಅಲ್ಯುಮಿನಿಯಂ ಜೊತೆ ಕೂಡಿ ಯಂತ್ರಗಳು ಸಿಡಿದವು, ಕೆಲಸಗಾರರು ಸತ್ತರು. ನಮ್ಮ ಕಾರಿನ ಕಂಡೆನ್ಸರೂ ಅಲ್ಯುಮಿನಿಯಮ್ಮೇ. ಡಬ್ಬಿಯ ಮೇಲಿನ ಹೆಸರು ಓದಿ ಎಂದರೆ “ಎಲ್ಲಾ ಒಂದೇ ಬಿಡಿ ಸಾರ್” ಎನ್ನುವವರ ಹತ್ತಿರ ಕಾರು ಬಿಡದಿರುವುದೇ ವಾಸಿ.

ಗೌಡರ ಕಾರಿನಿಂದ ಇಳಿದುಕೊಂಡ ಗ್ಯಾಸು ಎಲ್ಲಿಗೆ ಹೋಯಿತು? ಮೇಲಕ್ಕೆ. ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿ ಮಾಡುವ ಕೆಲಸದಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಸಣ್ಣ ಕಾರಿನಲ್ಲಿ ಇರುವುದು ಅರ್ಧ ಕಿಲೋ ಆಸುಪಾಸು. ಅಂದರೆ ಕಾರಿನೊಳಗೆ ತಂಪಾಗಲು ಹೊರಗೆ ಸುಮಾರು 700 ಕಿಲೋದಷ್ಟು ಸೆಕೆ ಬಿಟ್ಟಂತಾಯಿತು. ಇಂಥ ಗ್ಯಾಸುಗಳನ್ನು ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಯಿತು, 2021ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಗೌಡರೂ ಸುಮ್ಮನೆ ಕೂತಿಲ್ಲ. ಜೂನ್ 5ರ ಪರಿಸರ ದಿನಕ್ಕೆ ಒಂದು ಗಿಡ ನೆಟ್ಟು, ಫೋಟೊ ತೆಗೆಸಿಕೊಂಡು, “ಕಡೂರಿಗೆ ಮಳೆ ಯಾಕೆ ಬರ್ತಿಲ್ಲ” ಎಂದು ಭಾಷಣ ಮಾಡಿದ್ದಾರೆ.

ಹೀಟರಿನ ಕಥೆ ಬೇರೆ, ಅದು ಶುರುವಾಗುವುದು ಬೆಟ್ಟದ ಚಳಿಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಕೆಮ್ಮಣ್ಣುಗುಂಡಿಗೆ ಹೋಗುತ್ತಿದ್ದರು. ಈಗ ನಾವು ಮಳೆಗಾಲದಲ್ಲೂ ಹೋಗುತ್ತೇವೆ, ಮಂಜು ಕವಿದ ಗಾಜನ್ನು ಎಡಗೈಯಲ್ಲಿ ಟವೆಲಿನಿಂದ ಒರೆಸುತ್ತಾ, ಬಲಗೈಯಲ್ಲಿ ಘಾಟಿಯ ತಿರುವು ತಿರುಗಿಸುತ್ತಾ. ಎಸಿ, ಹೀಟರ್ ಎರಡನ್ನೂ ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿದರೆ ಮಂಜು ತಾನೇ ಹೋಗುತ್ತದೆ. ಆದರೆ ಚಳಿಯಲ್ಲಿ ಎಸಿ ಹಾಕಿದರೆ ಗ್ಯಾಸ್ ಖರ್ಚಾದೀತೆಂಬ ಲೆಕ್ಕಾಚಾರ! ಹೀಟರಿಗಂತೂ ಗ್ಯಾಸೇ ಬೇಡ, ಎಂಜಿನ್ ಕಾಯಿಸಿದ ಕೂಲಂಟ್ ಸಾಕು. ಹೀಟರ್ ಕಾಯುತ್ತಿಲ್ಲವೆಂದರೆ ಮೊದಲು ಕೂಲಂಟ್ ಎಷ್ಟಿದೆ ನೋಡಬೇಕು, ಅದೂ ಎಂಜಿನ್ ತಣ್ಣಗಾದ ಮೇಲೆ. ಬಿಸಿಯಲ್ಲೇ ಕ್ಯಾಪ್ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೇ ನುಗ್ಗುತ್ತದೆ. ಇದಕ್ಕೆ ನಮ್ಮವರು ಕಂಡುಕೊಂಡ ಸುರಕ್ಷತಾ ಕ್ರಮವೆಂದರೆ ಗಾಜು ಒರೆಸಿದ ಅದೇ ಟವೆಲನ್ನು ಕೈಗೆ ಸುತ್ತಿಕೊಳ್ಳುವುದು.

ತಮಾಷೆಗೆ ಜಾಗವಿಲ್ಲದ ಮಾತೂ ಒಂದಿದೆ. ಎಂಜಿನ್ ಓಡುತ್ತಿರುವಾಗ ಗಾಜು ಏರಿಸಿ, ಎಸಿಯನ್ನೋ ಹೀಟರನ್ನೋ ಹಾಕಿಕೊಂಡು ನಿಂತ ಗಾಡಿಯಲ್ಲಿ ಮಲಗಬೇಡಿ. ಸೈಲೆನ್ಸರ್ ಸೋರಿ ಕಾರ್ಬನ್ ಮೊನಾಕ್ಸೈಡ್ ಒಳಬಂದರೆ ವಾಸನೆಯೂ ಬರದು, ಎಚ್ಚರವೂ ಆಗದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೂ ಎಸಿ ಕಡ್ಡಾಯ. ಒಳ್ಳೆಯದೇ ಆಯಿತು. ಢಾಬಾ ಮುಂದೆ ರಾತ್ರಿ ಕಳೆಯುವ ಡ್ರೈವರಿಗೆ ಈ ಮಾತನ್ನು ಹೇಳುವವರೂ ಬೇಕು.

ಕೇಂದ್ರ ಸರ್ಕಾರ 2019ರ ಕೂಲಿಂಗ್ ಆ್ಯಕ್ಷನ್ ಪ್ಲಾನ್‌ನಲ್ಲಿ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತು. “ಬರೇ ನೋಡೋದಕ್ಕಾ?” ಎನ್ನುವ ಗಿರಾಕಿಗೆ ತರಬೇತಿ ಕೊಡುವ ಗುರಿಯನ್ನು ಮಾತ್ರ ಯಾವ ಸರ್ಕಾರವೂ ಇಟ್ಟುಕೊಂಡಂತಿಲ್ಲ. ಪ್ರಮಾಣಪತ್ರ ಪಡೆದು ಬಂದ ಹುಡುಗನೂ ನಮ್ಮ ಮುಂದೆ ಹತ್ತು ನಿಮಿಷದ ಮೇಸ್ತ್ರಿಯೇ ಆಗಬೇಕು, ಇಲ್ಲದಿದ್ದರೆ ಪಕ್ಕದ ಗ್ಯಾರೇಜು ಇದ್ದೇ ಇದೆ.

ಆದ್ದರಿಂದ ಈ ಸಲ ಮದುವೆ ಇಲ್ಲದ ದಿನ ನೋಡಿ ಹೋಗಿ. ಗ್ಯಾಸಿನ ಮಾತು ಎತ್ತುವ ಮೊದಲು ಲೀಕ್ ಹುಡುಕಿಸಿ, ಹುಡುಕಿದ್ದಕ್ಕೆ ಬಿಲ್ಲಿನಲ್ಲಿ ಒಂದು ಸಾಲು ಬರೆಸಿ, ಚೌಕಾಸಿ ಮಾಡದೆ ಕೊಡಿ. ಗಾಗಲ್ಸನ್ನು ಮೊಳೆಯಿಂದ ಇಳಿಸಿ ಹುಡುಗನ ಕೈಗೂ ಕೊಡಿ. ಎರಡು ಬೇಸಿಗೆ ಕಳೆದ ಮೇಲೆ ಮೇಸ್ತ್ರಿ ಎದುರು ಸಿಕ್ಕಾಗ “ನಿಮ್ಮನ್ನು ಎಲ್ಲೋ ನೋಡಿದ ಹಾಗೈತಲ್ಲ” ಎಂದು ತಲೆ ಕೆರೆದುಕೊಂಡರೆ ಕೆಲಸ ಸರಿಯಾಗಿದೆ ಎಂದುಕೊಳ್ಳಿ.