ಲಿಸ್ಬನ್ನಿನ ಪಾದರಕ್ಷೆ

ಬೆಳಗಾವಿಯ ಸದಾಶಿವನಗರದ ನಿವೃತ್ತ ಸಂಸ್ಕೃತ ಮಾಸ್ತರರು, ತಾವು ಖಾನಾಪುರದಾಚೆಗೆ ವಿರಳವಾಗಿ ಪಯಣಿಸಿದವರಾದರೂ, ತಮ್ಮ ಕ್ರೆಡಿಟ್ ಕಾರ್ಡು ಮಾತ್ರ ಶುಕ್ರವಾರ ರಾತ್ರಿ ಲಿಸ್ಬನ್ ನಗರಕ್ಕೆ ಏಕಾಂಗಿಯಾಗಿ ತೆರಳಿ 18,000 ರೂಪಾಯಿಯ ಪಾದರಕ್ಷೆಯನ್ನು ಕೊಂಡ ವಾರ್ತೆಯನ್ನು ಮೊಬೈಲಿನಲ್ಲಿ ಓದಿ, ಬುಧವಾರ ಬ್ಯಾಂಕಿನ ಅಧಿಕಾರಿಯ ಸನ್ನಿಧಿಗೆ ಬಿಜಯಂಗೈದರು.

“ಮಾಸ್ತರರೇ, ತಾವು ಕೊಂಡಿಲ್ಲವೆಂಬುದಕ್ಕೆ ರಸೀದಿ ಉಂಟೇ?”

“ಕೊಳ್ಳದುದಕ್ಕೆ ರಸೀದಿಯೇ, ಸಾಹೇಬರೇ? ಗ್ರಾಹಕನ ಹೊಣೆಯನ್ನು ಸಿದ್ಧಮಾಡಿ ತೋರಿಸುವ ಭಾರ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿಯೇ ಅಪ್ಪಣೆ ಕೊಡಿಸಿದೆಯಲ್ಲ!”

“ಓಟಿಪಿಯನ್ನು ಯಾರಿಗಾದರೂ ಅನುಗ್ರಹಿಸಿದಿರಾ?”

“ಬಂದಿದ್ದರಲ್ಲವೇ ಕೊಡುವುದು! ಪರದೇಶದ ಅಂಗಡಿಗಳು ಅನೇಕ ವೇಳೆ ಅದನ್ನು ಕೇಳುವುದೇ ಇಲ್ಲ.”

“ಆದರೆ ಐದು ದಿನ ಕಳೆದವು. ಮೂರು ದಿನಗಳೊಳಗೆ ತಿಳಿಸಿದ್ದರೆ ಮಾತ್ರ ಹೊಣೆ ಶೂನ್ಯ.”

“ಮೂರು *ಕೆಲಸದ* ದಿನಗಳು. ಎರಡನೆಯ ಶನಿವಾರವೂ ಭಾನುವಾರವೂ ತಾವು ವಿಶ್ರಾಂತಿಯಲ್ಲಿದ್ದಿರಿ. ಸೋಮವಾರ, ಮಂಗಳವಾರ ನಾನು ತಮ್ಮ ದೂರವಾಣಿಯ ವಾದ್ಯಸಂಗೀತವನ್ನು ಆಲಿಸುತ್ತಿದ್ದೆ.”

ಬ್ಯಾಂಕಿನ ರಜೆಯಿಂದ ಗ್ರಾಹಕನಿಗೆ ಉಪಕಾರವಾದುದನ್ನು ಮೊದಲ ಬಾರಿಗೆ ಕಂಡ ಅಧಿಕಾರಿಯು ಕ್ಷಣಕಾಲ ಮೂಕನಾದನು.

“ಆಗಲಿ. ಹತ್ತು ಕೆಲಸದ ದಿನಗಳಲ್ಲಿ ಹಣ ತಾತ್ಕಾಲಿಕವಾಗಿ ಜಮೆಯಾಗುತ್ತದೆ. ತೊಂಬತ್ತು ದಿನಗಳೊಳಗೆ ತೀರ್ಮಾನ. ಅಷ್ಟರವರೆಗೆ ಬಡ್ಡಿ…”

“ವಂಚನೆಯೆಂದು ವಿವಾದವೆದ್ದ ಮೊತ್ತಕ್ಕೆ ಇತ್ಯರ್ಥದವರೆಗೆ ಶುಲ್ಕ ವಿಧಿಸಕೂಡದೆಂಬ 2022ರ ನಿರ್ದೇಶನವನ್ನೂ ತಂದಿದ್ದೇನೆ.”

ಪರಾಸ್ತನಾದ ಅಧಿಕಾರಿಯು ಕೊನೆಯ ಅಸ್ತ್ರವಾಗಿ ನಾಲ್ಕು ಪುಟಗಳ ಅರ್ಜಿಯನ್ನು ಹೊರತೆಗೆದನು.

“ಒಂಬತ್ತನೆಯ ಕಲಮು: ಸರಕನ್ನು ಹಿಂದಿರುಗಿಸಲು ಸಿದ್ಧರಿದ್ದೀರಾ?”

“ಅವಶ್ಯವಾಗಿ. ಮೊದಲು ತರಿಸಿಕೊಡಿರಿ.”